ತಡೆಯಿಲ್ಲದ ಕೋಶ

23 ಜನವರಿ 2025, ಗುರುವಾರ, ರಾತ್ರಿ

ಅಕ್ಕನ ವಾರ್ಡಿನಲ್ಲಿರುವ ಎಳೆಗೂಸಿನ ಜೀನ್ ಪರೀಕ್ಷೆಯ ವರದಿ ಇಂದು ಬಂತು. ನಮ್ಮಿಬ್ಬರಿಗೂ ಇದ್ದ ಅನುಮಾನವೇ ನಿಜವಾಯಿತು. ಪರ್ಕ್ ಎಂಬ ಪ್ರೋಟೀನಿಗೆ ಕಾರಣವಾದ ಜೀನಿನ ಎರಡೂ ಪ್ರತಿಗಳು ಕೆಟ್ಟಿವೆ. ವೋಲ್‌ಕಾಟ್-ರಾಲಿಸನ್ ಸಿಂಡ್ರೋಮ್, ಎಳೆಗೂಸುಗಳಲ್ಲೇ ಮಧುಮೇಹ ತರುವ ಅಪರೂಪದ ಆನುವಂಶಿಕ ಕಾಯಿಲೆ. 1972ರಲ್ಲಿ ವೈದ್ಯರು ಇದನ್ನು ಮೊದಲು ವಿವರಿಸಿದರು, 2000ರಲ್ಲಿ ಜೀನ್ ಪತ್ತೆಯಾಯಿತು. ಅಷ್ಟು ತಿಳಿದ ಮೇಲೂ ಇಂತಹ ಮಗುವಿಗೆ ಇನ್ಸುಲಿನ್ ಚುಚ್ಚುತ್ತಾ, ಸೋಂಕು ತಗಲದಂತೆ ಕಾಯುತ್ತಾ ಇರುವುದನ್ನು ಬಿಟ್ಟು ವೈದ್ಯರ ಕೈಯಲ್ಲಿ ಹೆಚ್ಚೇನೂ ಇಲ್ಲವೆಂಬುದು ನನ್ನನ್ನು ಸಂಜೆಯಿಂದ ಕಾಡುತ್ತಿದೆ.

ಫೋನಿನಲ್ಲಿ ಅಕ್ಕ ಕೇಳಿದ ಪ್ರಶ್ನೆ ನೇರವಾಗಿತ್ತು. "ಅಲ್ಲ ಕಣೇ, ಪರ್ಕ್ ಮಾಡುವ ಕೆಲಸ ಪ್ರೋಟೀನ್ ತಯಾರಿಕೆಯನ್ನು ತಡೆಯುವುದು ಎಂದು ನೀನೇ ಹೇಳಿದ್ದೆ. ತಡೆಯುವವನೇ ಇಲ್ಲದಿದ್ದರೆ ಆ ಕೋಶ ಇನ್ನೂ ಹೆಚ್ಚು ಇನ್ಸುಲಿನ್ ತಯಾರಿಸಬೇಕಿತ್ತಲ್ಲವೆ? ಈ ಮಗುವಿನಲ್ಲಿ ಇನ್ಸುಲಿನ್ನೇ ಇಲ್ಲವಲ್ಲ."

ಪ್ರೋಟೀನ್ ಮಡಿಕೆಯ, ಎಂದರೆ ಪ್ರೋಟೀನಿನ ಸರಪಣಿ ಮಡಚಿಕೊಂಡು ತನ್ನ ಆಕಾರ ಪಡೆಯುವುದರ, ಕುರಿತು ನನಗಿರುವ ಅಚ್ಚರಿಯೆಲ್ಲ ಈ ಪ್ರಶ್ನೆಯಲ್ಲೇ ಇದೆ. ಅವಳಿಗೆ ಹೇಳಿದ್ದನ್ನು ಇನ್ನಷ್ಟು ವಿವರವಾಗಿ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಇನ್ಸುಲಿನ್ ತಯಾರಿಸುವ ಕೆಲಸ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳದು. ಅಂತಹ ಒಂದು ಕೋಶ ದುಡಿಮೆಯ ಉತ್ತುಂಗದಲ್ಲಿರುವಾಗ ನಿಮಿಷಕ್ಕೆ ಸುಮಾರು 10 ಲಕ್ಷ ಪ್ರೋಇನ್ಸುಲಿನ್ (ಇನ್ಸುಲಿನ್ನಿನ ಪೂರ್ವರೂಪ) ಅಣುಗಳನ್ನು ತಯಾರಿಸುತ್ತದೆ ಎಂಬ ಅಂದಾಜಿದೆ. ಪ್ರತಿಯೊಂದು ಅಣುವೂ 86 ಅಮೈನೋ ಆಮ್ಲಗಳ ಸರಪಣಿ. ಅದರಲ್ಲಿ ಸಿಸ್ಟೀನ್ ಎಂಬ, ಗಂಧಕವಿರುವ ಅಮೈನೋ ಆಮ್ಲಗಳು ಆರಿವೆ. ಈ ಆರೂ ಸರಿಯಾದ ಜೊತೆಗಾರರನ್ನೇ ಹುಡುಕಿಕೊಂಡು ಮೂರು ಗಂಧಕದ ಕೊಂಡಿಗಳನ್ನು ಹಾಕಿಕೊಂಡರೆ ಮಾತ್ರ ಅಣುವಿಗೆ ಇನ್ಸುಲಿನ್ನಿನ ಆಕಾರ ಬರುತ್ತದೆ. ಅಕೀಟಾ ಎಂಬ ಇಲಿ ತಳಿಯಲ್ಲಿ (ಸರಪಣಿಯ ಆರಂಭದಲ್ಲಿದ್ದು ಆಮೇಲೆ ಕತ್ತರಿಸಿಹೋಗುವ ತುಂಡನ್ನೂ ಸೇರಿಸಿ ಎಣಿಸಿದರೆ) 96ನೆಯ ಸ್ಥಾನದ ಒಂದೇ ಒಂದು ಸಿಸ್ಟೀನ್ ಬದಲಾಗಿದೆ. ಒಂದು ಕೊಂಡಿ ಕೂಡದೆ ಹೋದ ಅಷ್ಟಕ್ಕೇ ಇಲಿಗೆ ಮಧುಮೇಹ ಬರುತ್ತದೆ, ಅದರ ಬೀಟಾ ಕೋಶಗಳು ಒಂದೊಂದಾಗಿ ಸಾಯುತ್ತವೆ.

ಈ ಮಡಿಕೆಯೆಲ್ಲ ನಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಒಳಗೆ. ಲ್ಯಾಬಿನಲ್ಲಿ ನಾವು ಅದನ್ನು ಇಆರ್ ಎಂದೇ ಕರೆಯುತ್ತೇವೆ. ಕೋಶದಿಂದ ಹೊರಗೆ ಹೋಗಬೇಕಾದ ಮತ್ತು ಪೊರೆಗಳಲ್ಲಿ ನೆಲೆಸಬೇಕಾದ ಪ್ರೋಟೀನುಗಳು, ಎಂದರೆ ಒಟ್ಟು ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಈ ಪೊರೆಯ ಜಾಲವನ್ನು ಹಾದೇ ಸಾಗಬೇಕು. ಒಳಗೆ ಕ್ಯಾಲ್ಸಿಯಂ ಹೆಚ್ಚು. ಗಂಧಕದ ಕೊಂಡಿ ಕೂಡಲು ಬೇಕಾದ ಉತ್ಕರ್ಷಣದ ವಾತಾವರಣವೂ ಅಲ್ಲಿದೆ. ಹೊಸದಾಗಿ ಬಂದ ಸರಪಣಿಯ ಜಿಗುಟು ಭಾಗಗಳನ್ನು ಬಿಪ್ ಎಂಬ ಶಾಪೆರೋನ್ (ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್) ಹಿಡಿದುಕೊಂಡು, ಅವು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ನೋಡಿಕೊಳ್ಳುತ್ತದೆ. ಅನೇಕ ಪ್ರೋಟೀನುಗಳಿಗೆ 14 ಸಕ್ಕರೆ ಘಟಕಗಳ ಒಂದು ಕೊಂಬೆಯನ್ನು ಸೇರಿಸಲಾಗುತ್ತದೆ. ಅದರ ತುದಿಯ ಮೂರು ಗ್ಲೂಕೋಸ್‌ಗಳಲ್ಲಿ ಎರಡನ್ನು ಕಿತ್ತಾಗ ಉಳಿಯುವ ಒಂದೇ ಗ್ಲೂಕೋಸನ್ನು ಗುರುತಾಗಿ ಹಿಡಿದು, ಕ್ಯಾಲ್ನೆಕ್ಸಿನ್ ಎಂಬ ಇನ್ನೊಂದು ಶಾಪೆರೋನ್ ಆ ಪ್ರೋಟೀನಿಗೆ ಮಡಚಿಕೊಳ್ಳಲು ಅವಕಾಶ ಕೊಡುತ್ತದೆ. ಕೊನೆಯ ಗ್ಲೂಕೋಸೂ ಹೋದ ಮೇಲೆ ಇನ್ನೊಂದು ಕಿಣ್ವ ಬಂದು ಪರೀಕ್ಷಿಸುತ್ತದೆ. ಮಡಿಕೆ ಸರಿಯಾಗಿಲ್ಲವೆಂದು ಕಂಡರೆ ಅದು ಒಂದು ಗ್ಲೂಕೋಸನ್ನು ಮತ್ತೆ ಅಂಟಿಸಿ, ಪ್ರೋಟೀನನ್ನು ಮರಳಿ ಕ್ಯಾಲ್ನೆಕ್ಸಿನ್ನಿನ ಬಳಿಗೆ ಕಳುಹಿಸುತ್ತದೆ. ನಾನು ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕಣ್ಣಿಲ್ಲದ, ಬುದ್ಧಿಯಿಲ್ಲದ ಅಣುವೊಂದು ಇನ್ನೊಂದು ಅಣುವಿನ ಆಕಾರ ಪೂರ್ಣವಾಗಿದೆಯೇ ಇಲ್ಲವೇ ಎಂದು ತಿಳಿದುಕೊಳ್ಳುತ್ತದೆ, ಪೂರ್ಣವಾಗಿಲ್ಲದಿದ್ದರೆ ಮತ್ತೊಂದು ಅವಕಾಶವನ್ನೂ ಕೊಡುತ್ತದೆ! ಎಷ್ಟು ಅವಕಾಶ ಕೊಟ್ಟರೂ ಮಡಚಿಕೊಳ್ಳದ ಪ್ರೋಟೀನನ್ನು ಕೊನೆಗೆ ಇಆರ್‌ನಿಂದ ಹೊರಗೆಳೆದು, ಯುಬಿಕ್ವಿಟಿನ್ ಎಂಬ ಗುರುತಿನ ಪ್ರೋಟೀನನ್ನು ಅಂಟಿಸಿ, ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಾಸೋಮ್‌ಗೆ ಒಪ್ಪಿಸಿ ಚೂರು ಮಾಡಲಾಗುತ್ತದೆ.

ಬರುವ ಸರಪಣಿಗಳ ಸಂಖ್ಯೆ ಮಡಚುವ ಶಕ್ತಿಯನ್ನು ಮೀರಿದಾಗ ಉಂಟಾಗುವ ಸ್ಥಿತಿಯೇ ಇಆರ್ ಒತ್ತಡ. ಆ ಹೊತ್ತಿನಲ್ಲಿ ಬಿಪ್‌ಗೆ ಕೈತುಂಬ ಕೆಲಸ. ಅದುವರೆಗೆ ಪರ್ಕ್‌ನ ಒಳತುದಿಯನ್ನು ಹಿಡಿದಿದ್ದ ಬಿಪ್ ಅದನ್ನು ಬಿಟ್ಟು ಮಡಚದ ಪ್ರೋಟೀನುಗಳ ಕಡೆ ಹೋಗುತ್ತದೆ. ಬಿಡುಗಡೆಯಾದ ಪರ್ಕ್ ಅಣುಗಳು ಜೋಡಿಯಾಗಿ, ಪೊರೆಯ ಹೊರಬದಿಯಲ್ಲಿ ಇಐಎಫ್2-ಆಲ್ಫಾ ಎಂಬ ಪ್ರೋಟೀನಿನ ಮೇಲೆ ಒಂದು ಫಾಸ್ಫೇಟನ್ನು ಕೂರಿಸುತ್ತವೆ. ಅಷ್ಟರಿಂದಲೇ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಹೊಸ ಸರಪಣಿಗಳನ್ನು ಆರಂಭಿಸುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಈಗಾಗಲೇ ಒಳಗೆ ಬಂದಿರುವವುಗಳನ್ನು ಸರಿಪಡಿಸಲು ಕೋಶಕ್ಕೆ ಬಿಡುವು ಸಿಗುತ್ತದೆ.

"ಮಗುವಿನ ಬೀಟಾ ಕೋಶಕ್ಕೆ ಆ ಬಿಡುವೇ ಇಲ್ಲ ಅಕ್ಕ," ಎಂದೆ. "ಹಾಲು ಕುಡಿದಾಗಲೆಲ್ಲ ಇನ್ಸುಲಿನ್ ಬೇಕೆಂಬ ಕರೆ ಬರುತ್ತದೆ, ಕೋಶ ತಯಾರಿಸುತ್ತಲೇ ಹೋಗುತ್ತದೆ, ಆದರೆ ತಯಾರಾದದ್ದು ಮಡಚಿಕೊಳ್ಳುವುದಿಲ್ಲ. ಪರ್ಕ್ ಇಲ್ಲದ ಇಲಿಯ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಆರ್ ಉಬ್ಬಿ, ಒಳಗೆಲ್ಲ ಕಪ್ಪಗೆ ತುಂಬಿಕೊಂಡಿರುವುದು ಕಾಣುತ್ತದೆ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಚ್ಚು ತಯಾರಿಸಲು ಹೋಗಿಯೇ ಇಲ್ಲವಾಗುವುದು ಅವಳಿಗೆ ಅರ್ಥವಾಯಿತು, ಆದರೆ ಒಪ್ಪಿಕೊಳ್ಳಲು ಕಷ್ಟವಾಯಿತು. ಭ್ರೂಣದಲ್ಲಿ ಬೀಟಾ ಕೋಶಗಳ ಸಂಖ್ಯೆ ಬೆಳೆಯುವುದಕ್ಕೇ ಪರ್ಕ್ ಬೇಕು, ಕೊರತೆ ಅಲ್ಲಿಂದಲೇ ಆರಂಭವಾಗುತ್ತದೆ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಅವರ ಬಳಿ ಗಟ್ಟಿಯಾದ ಪ್ರಯೋಗಗಳಿವೆ. ಎರಡೂ ನಿಜವಾಗಿರಬಹುದೆಂದು ನನಗನ್ನಿಸುತ್ತದೆ.

ಊಟವಾದ ಮೇಲೆ ಮಧ್ಯಾಹ್ನದ ಜೆಲ್ ಚಿತ್ರವನ್ನು ಮತ್ತೆ ತೆರೆದೆ. ಟ್ಯೂನಿಕಾಮೈಸಿನ್ ಎಂಬ ರಾಸಾಯನಿಕ ಹಾಕಿದ ಕೋಶಗಳವು. ಸಕ್ಕರೆಯ ಕೊಂಬೆ ಸೇರುವುದನ್ನೇ ಅದು ನಿಲ್ಲಿಸುವುದರಿಂದ ಇಆರ್ ಬೇಗನೆ ಒತ್ತಡಕ್ಕೆ ಸಿಲುಕುತ್ತದೆ. ಚಿತ್ರದಲ್ಲಿ ಕಾಣುವುದು ಎಕ್ಸ್‌ಬಿಪಿ1 ಎಂಬ ಪ್ರೋಟೀನಿನ ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿಗಳು. ಮೇಲಿನ ಪಟ್ಟಿ ಕತ್ತರಿಯಾಡದ್ದು, ಅದರ ಕೆಳಗಿನದು, ಪರ್ಕ್‌ನಂತೆಯೇ ಇಆರ್ ಒತ್ತಡವನ್ನು ಗ್ರಹಿಸುವ ಐಆರ್‌ಇ1 ಎಂಬ ಕಿಣ್ವ ಆರ್‌ಎನ್‌ಎಯಿಂದ 26 ನ್ಯೂಕ್ಲಿಯೋಟೈಡುಗಳನ್ನು (ಅದರ ಅಕ್ಷರಗಳನ್ನು) ಕತ್ತರಿಸಿ ತೆಗೆದದ್ದು. ಎರಡಕ್ಕೂ ಮೇಲೆ ಮಸುಕಾಗಿ ಮೂರನೆಯ ಪಟ್ಟಿಯೊಂದಿದೆ. ಅದರ ಒಂದು ಎಳೆ ಕತ್ತರಿಸಿದ್ದು, ಇನ್ನೊಂದು ಕತ್ತರಿಸದ್ದು. ಎರಡೂ ಜೋಡಿಯಾಗಿ ನಿಧಾನವಾಗಿ ಚಲಿಸಿ ಮೇಲೆಯೇ ನಿಂತಿವೆ. ಹೊಸದಾಗಿ ಲ್ಯಾಬಿಗೆ ಬಂದವರು ಅದನ್ನು ಕಂಡು ಗಾಬರಿಯಾಗುತ್ತಾರೆ. ಮೊದಲ ಕೆಲವು ಗಂಟೆಗಳ ಸಾಲುಗಳಲ್ಲಿ ಕೆಳಗಿನ ಪಟ್ಟಿ ದಟ್ಟವಾಗಿದೆ, ಎಂದರೆ ಕತ್ತರಿಸಿದ ಆರ್‌ಎನ್‌ಎಯಿಂದ ತಯಾರಾಗುವ ಎಕ್ಸ್‌ಬಿಪಿ1 ಮೂಲಕ ಶಾಪೆರೋನುಗಳನ್ನೂ ಇಆರ್‌ನ ವಿಸ್ತಾರವನ್ನೂ ಹೆಚ್ಚಿಸುವ ಆದೇಶ ಹೊರಟಿದೆ. ಒತ್ತಡ ಮುಂದುವರಿದಂತೆ ಆ ಪಟ್ಟಿ ತೆಳುವಾಗುತ್ತಾ ಹೋಗುತ್ತದೆ.

ಐಆರ್‌ಇ1 ಅನ್ನು 1993ರಲ್ಲಿ ಯೀಸ್ಟ್ ಕೋಶಗಳಲ್ಲಿ ಕಝುತೋಶಿ ಮೋರಿ ಇದ್ದ ತಂಡವೂ ಪೀಟರ್ ವಾಲ್ಟರ್ ಅವರ ತಂಡವೂ ಪ್ರತ್ಯೇಕವಾಗಿ ಗುರುತಿಸಿದವು. ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ 2014ರಲ್ಲಿ ಅವರಿಬ್ಬರಿಗೂ ಬಂತು. ವಾಲ್ಟರ್ ಅವರ ಗುಂಪೇ 2007ರಲ್ಲಿ ತೋರಿಸಿದ ಸಂಗತಿಯೊಂದು ನನ್ನ ಮುಂದಿನ ಈ ಚಿತ್ರದಲ್ಲೂ ಕಾಣುತ್ತಿದೆ. ಒತ್ತಡ ತೀರದೆ ಉಳಿದರೆ ಐಆರ್‌ಇ1 ತಾನಾಗಿ ಆರಿಹೋಗುತ್ತದೆ, ಪರ್ಕ್‌ನ ಸಂಕೇತ ಮಾತ್ರ ಮುಂದುವರಿಯುತ್ತದೆ. ಐಆರ್‌ಇ1 ಆರದಂತೆ ಕೃತಕವಾಗಿ ಉಳಿಸಿಕೊಂಡ ಕೋಶಗಳು ಹೆಚ್ಚು ಬದುಕಿದವು.

ಇಲ್ಲಿಂದ ಮುಂದಿನದು ನನಗೆ ಬಹಳ ಕಷ್ಟದ ಭಾಗ. ಬಿಡುವನ್ನು ಕೊಡುವ ಅದೇ ಪರ್ಕ್, ಎಟಿಎಫ್4 ಎಂಬ ಪ್ರೋಟೀನಿನ ಮೂಲಕ ಚಾಪ್ ಎಂಬುದನ್ನು ಕರೆತರುತ್ತದೆ. ಚಾಪ್ ಕೋಶದ ಸಾವಿಗೆ ಸಂಬಂಧಿಸಿದ್ದು. ಅಕೀಟಾ ಇಲಿಯಲ್ಲಿ ಚಾಪ್ ಜೀನನ್ನು ತೆಗೆದುಹಾಕಿದಾಗ ಮಧುಮೇಹ ತಡವಾಗಿ ಬಂದಿದೆ. ಅದು ಕೊಲ್ಲುವ ರೀತಿಯನ್ನು 2004ರಲ್ಲಿ ಬಿಡಿಸಿ ನೋಡಿದಾಗ ಕಂಡದ್ದು ಬೇರೆ ಯಾವ ವಿಷವೂ ಅಲ್ಲ. ಚಾಪ್ ಗ್ಯಾಡ್34 ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ, ಗ್ಯಾಡ್34 ಇಐಎಫ್2-ಆಲ್ಫಾದ ಮೇಲಿನ ಫಾಸ್ಫೇಟನ್ನು ತೆಗೆಸುತ್ತದೆ, ನಿಂತಿದ್ದ ಪ್ರೋಟೀನ್ ತಯಾರಿಕೆ ಮತ್ತೆ ಆರಂಭವಾಗುತ್ತದೆ. ಇಆರ್ ಹಗುರವಾಗಿದ್ದರೆ ಇದೇ ಚೇತರಿಕೆ. ಇಆರ್ ಇನ್ನೂ ತುಂಬಿಕೊಂಡೇ ಇದ್ದರೆ ಇದೇ ಸಾವು. ಬದುಕಿಸುವುದಕ್ಕೊಂದು, ಕೊಲ್ಲುವುದಕ್ಕೊಂದು ಎಂಬ ಬೇರೆ ಬೇರೆ ವ್ಯವಸ್ಥೆಗಳನ್ನು ಹುಡುಕಿಕೊಂಡು ಹೊರಟವರಿಗೆ ಸಿಕ್ಕಿದ್ದು, ಕೆಲಸಕ್ಕೆ ಮರಳುವ ಹೊತ್ತು ಯಾವುದು ಎಂಬ ಒಂದೇ ಪ್ರಶ್ನೆ.

ಅಕ್ಕನ ಎರಡನೆಯ ಪ್ರಶ್ನೆಯೂ ಇದಕ್ಕೇ ಬಂದು ಸೇರುತ್ತದೆ. "ಆ ತಡೆಯನ್ನು ಔಷಧಿಯಿಂದ ಹೊರಗಿನಿಂದಲೇ ಕೊಡಲು ಬರುವುದಿಲ್ಲವೇನೇ?" ಎಂದಳು. ಸಾಲುಬ್ರಿನಾಲ್ ಎಂಬ ಅಣು 2005ರಿಂದ ನಮ್ಮ ಕೈಯಲ್ಲಿದೆ. ಅದು ಆ ಫಾಸ್ಫೇಟ್ ಬಿದ್ದುಹೋಗದಂತೆ ಕಾಯುತ್ತದೆ. ಬೇರೆ ಕೆಲವು ಬಗೆಯ ಕೋಶಗಳನ್ನು ಅದು ಉಳಿಸಿದೆ, ಬೀಟಾ ಕೋಶಗಳಿಗೆ ಮಾತ್ರ ಕೇಡನ್ನೇ ಮಾಡಿದೆ. ದಿನವೂ ಇನ್ಸುಲಿನ್ ತಯಾರಿಸಲೇಬೇಕಾದ ಕೋಶ ಸದಾ ತಡೆಯಲ್ಲಿಯೂ ಇರಲಾರದು. ತದ್ವಿರುದ್ಧವಾಗಿ, ಪರ್ಕ್ ಅನ್ನು ಅದುಮುವ ಔಷಧಿಯೊಂದು 2013ರಲ್ಲಿ ಪ್ರಿಯಾನ್ (ತಪ್ಪಾಗಿ ಮಡಚಿಕೊಂಡು ಮಿದುಳನ್ನು ಕೆಡಿಸುವ ಪ್ರೋಟೀನ್) ಸೋಂಕಿದ ಇಲಿಗಳ ಮಿದುಳನ್ನು ಉಳಿಸಿತು, ಆದರೆ ಅವುಗಳ ಮೇದೋಜ್ಜೀರಕ ಗ್ರಂಥಿ ಸೊರಗಿ ತೂಕ ಇಳಿಯಿತು. ಮಿದುಳಿಗೆ ಬೇಡವಾದ ತಡೆಯೇ ಮೇದೋಜ್ಜೀರಕಕ್ಕೆ ಬೇಕು. ಮೈಯೆಲ್ಲ ಹರಡುವ ಮಾತ್ರೆಯೊಂದರಿಂದ ಇದನ್ನು ಹೇಗೆ ಸಾಧಿಸುವುದು? "ಈಗ ಬರುವುದಿಲ್ಲ ಅಕ್ಕ," ಎಂದಷ್ಟೇ ಹೇಳಿದೆ. ಹಾಗೆ ಹೇಳುವಾಗ ದುಃಖವಾಯಿತು.

ಅಕ್ಕನಿಗೆ ಈಗ ಸಕ್ಕರೆಗಿಂತ ಹೆಚ್ಚಿನ ಭಯ ಯಕೃತ್ತಿನದು. ಇಂತಹ ಮಕ್ಕಳಿಗೆ ಜ್ವರವೋ ಸೋಂಕೋ ಬಂದಾಗ ಯಕೃತ್ತು ಇದ್ದಕ್ಕಿದ್ದಂತೆ ವಿಫಲವಾಗುತ್ತದೆ, ಅನೇಕ ಮಕ್ಕಳ ಪ್ರಾಣ ಹೋಗುವುದು ಅದರಿಂದಲೇ. ಯಕೃತ್ತನ್ನು ಕಸಿ ಮಾಡಿ ಉಳಿಸಿಕೊಂಡ ಮಕ್ಕಳೂ ಇದ್ದಾರೆ. ಅವಳು ಆ ದಾರಿಯನ್ನು ವಿಚಾರಿಸುತ್ತಿದ್ದಾಳೆ. ಜ್ವರಕ್ಕೂ ಯಕೃತ್ತಿಗೂ ಏಕೆ ಈ ನಂಟು ಎಂದು ನಾನು ಆಗಿನಿಂದ ಯೋಚಿಸುತ್ತಿದ್ದೇನೆ. ಸೋಂಕು ತಗುಲಿದಾಗ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನಿನ ಕರೆ ಬಂದು ಯಕೃತ್ತಿನ ಕೋಶಗಳು ಸಿ-ರಿಯಾಕ್ಟಿವ್ ಪ್ರೋಟೀನ್, ಫೈಬ್ರಿನೋಜನ್ ಮುಂತಾದವನ್ನು ರಾಶಿಗಟ್ಟಲೆ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಅವೆಲ್ಲವೂ ಇಆರ್ ಮೂಲಕವೇ ಹೊರಗೆ ಹೋಗಬೇಕು. ಅದೂ ಅಲ್ಲದೆ ಯಕೃತ್ತಿನ ಇಆರ್ ಪೊರೆಯಲ್ಲಿ ಕ್ರೆಬ್-ಎಚ್ ಎಂಬ ಪ್ರೋಟೀನ್ ಇದೆ. ಒತ್ತಡ ಬಂದೊಡನೆ ಅದು ಇಆರ್‌ನ ಮುಂದಿನ ನಿಲ್ದಾಣವಾದ ಗಾಲ್ಜಿ ಎಂಬ ಪೊರೆಗಳ ಕಟ್ಟಿಗೆ ಹೋಗಿ, ಅಲ್ಲಿ ತುಂಡಾಗಿ, ಕೋಶಕೇಂದ್ರವನ್ನು ಸೇರಿ, ಸಿ-ರಿಯಾಕ್ಟಿವ್ ಪ್ರೋಟೀನಿನ ಜೀನನ್ನೇ ಇನ್ನಷ್ಟು ಚುರುಕುಗೊಳಿಸುತ್ತದೆ ಎಂದು 2006ರಲ್ಲಿ ತಿಳಿದುಬಂತು. ಹಾಗಿದ್ದರೆ ತಡೆಯಿಲ್ಲದ ಯಕೃತ್ತಿನ ಕೋಶದಲ್ಲಿ ಒತ್ತಡವೇ ಹೊಸ ಕೆಲಸವನ್ನು ಕರೆದುಕೊಂಡು ಬರುತ್ತದೆ, ಆ ಕೆಲಸ ಮತ್ತೆ ಒತ್ತಡವನ್ನು. ಪರ್ಕ್ ತೆಗೆದ ಯಕೃತ್ತಿನ ಕೋಶಗಳಿಗೆ ಮೊದಲು ಇಂಟರ್‌ಲ್ಯೂಕಿನ್-6 ಮಾತ್ರ ಕೊಟ್ಟು, ಅನಂತರ ತಾಪವನ್ನೂ ಏರಿಸಿ ನೋಡಬೇಕು. ಕ್ರೆಬ್-ಎಚ್ ತುಂಡಾಗುವುದು ಚಾಪ್ ಏರುವುದಕ್ಕಿಂತ ಮೊದಲೋ ಆಮೇಲೋ ಎಂಬುದು ಗೊತ್ತಾದರೆ, ಜ್ವರದ ಮೊದಲ ಗಂಟೆಗಳಲ್ಲೇ