ಬ್ಯಾಣದ ಬದಿಯ ನಾಲ್ಕು ರೂಮಿನ ಮನೆ

ಫೆಬ್ರವರಿ ಬಂತು ಅಂದ್ರೆ ನಮ್ಮ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. ಗುಡ್ಡದ ತುಂಬ ಬೆಳೆಯೋ ಹೆದರ್ ಅನ್ನೋ ಕುಳ್ಳ ಗಿಡ ಯಾವಾಗ ಹೂ ಬಿಡತ್ತೆ, ಗುಡ್ಡ ಪೂರ್ತಿ ನೇರಳೆ ಆಗೋದು ಯಾವ ವಾರ, ಆ ವಾರಕ್ಕೆ ರೂಮ್ ಇದೆಯಾ. ನಾನೂ ಪ್ರತಿ ವರ್ಷ ಅದೇ ಉತ್ತರ ಬರೀತೀನಿ: ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದ ತನಕ, ಬೇಸಿಗೆ ಮಳೆ ನೋಡ್ಕೊಂಡು ನಾಲ್ಕಾರು ದಿನ ಹಿಂದೆ ಮುಂದೆ. ಆ ಮೂರು ವಾರಕ್ಕೆ ನಮ್ಮ ನಾಲ್ಕೂ ರೂಮು ಮಾರ್ಚ್ ಮುಗಿಯೋದ್ರೊಳಗೆ ಬುಕ್ ಆಗಿಬಿಡತ್ತೆ. ಉಳಿದ ನಲವತ್ತೊಂಬತ್ತು ವಾರದ ಬಗ್ಗೆ ಅಷ್ಟು ಆಸೆಯಿಂದ ಕೇಳೋರು ಕಮ್ಮಿ, ಆದ್ರೆ ನಾವು ಬದುಕೋದು ಆ ನಲವತ್ತೊಂಬತ್ತು ವಾರದಲ್ಲೇ, ಅದಕ್ಕೆ ಇವತ್ತು ಅದರ ಬಗ್ಗೆ ಬರೀತೀನಿ.

ಹೊಸಬರಿಗೆ ಒಂದು ಮಾತು. ನಮ್ಮ ಗೆಸ್ಟ್‌ಹೌಸ್ ಇರೋದು ಇಂಗ್ಲೆಂಡಿನ ನಾರ್ತ್ ಯಾರ್ಕ್ ಮೂರ್ಸ್ ನ್ಯಾಷನಲ್ ಪಾರ್ಕ್ ಒಳಗೆ, ಪಿಕರಿಂಗ್ ಊರಿಂದ ಕಾರಲ್ಲಿ ಇಪ್ಪತ್ತು ನಿಮಿಷ. ಹಳೇ ಕಲ್ಲಿನ ಮನೆ, ಕೆಂಪು ಹೆಂಚು, ಮುಂದುಗಡೆ ರಸ್ತೆ, ಹಿಂದುಗಡೆ ಒಂದು ಗೇಟು, ಆ ಗೇಟು ದಾಟಿದ್ರೆ ಆಮೇಲೆ ಗಂಟೆಗಟ್ಟಲೆ ನಡೆದ್ರೂ ಒಂದು ಮರ ಸಿಗಲ್ಲ. ಮಲೆನಾಡಲ್ಲಿ ಸಾಗರ ಊರಿನ ಕಡೆ ಹಳ್ಳೀಲಿರೋ ನಮ್ಮಮ್ಮಂಗೆ ಮೂರ್‌ಲ್ಯಾಂಡ್ ಅಂದ್ರೆ ಏನು ಅಂತ ಫೋನಲ್ಲಿ ವಿವರಿಸಿ ವಿವರಿಸಿ ಸೋತಿದ್ದೆ, ಕೊನೆಗೆ "ಅಮ್ಮಾ, ದೊಡ್ಡ ಬ್ಯಾಣ ಇದ್ದಂಗೆ, ಆದ್ರೆ ಹುಲ್ಲಿನ ಬದಲು ಮೊಣಕಾಲೆತ್ತರದ ಗಿಡ" ಅಂದೆ. ಬ್ಯಾಣ, ಅಂದ್ರೆ ನಮ್ಮೂರ ಕಡೆ ದನ ಮೇಯೋ ಹುಲ್ಲುಗುಡ್ಡ, ಆ ಮಾತು ಅಂದಿದ್ದೇ ತಡ ಅವಳಿಗೆ ಎಲ್ಲಾ ಅರ್ಥ ಆಯ್ತು. ಮರುಪ್ರಶ್ನೆ ಏನು ಗೊತ್ತಾ, "ಅಷ್ಟು ದೊಡ್ಡ ಬ್ಯಾಣ ಯಾರದ್ದೇ ಪುಟ್ಟಿ? ಯಾರು ನೋಡ್ಕೋತಾರೆ?"

ಇಷ್ಟು ವರ್ಷದಲ್ಲಿ ಒಬ್ಬ ಗೆಸ್ಟೂ ಕೇಳದ ಪ್ರಶ್ನೆ ಅದು. ಬರೋರೆಲ್ಲ ಇದನ್ನ ಕಾಡು ಜಾಗ, ತನ್ನಷ್ಟಕ್ಕೆ ತಾನು ಇರೋ ಪ್ರಕೃತಿ ಅಂದ್ಕೊಂಡೇ ಬರ್ತಾರೆ. 1952ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, 1,436 ಚದರ ಕಿಲೋಮೀಟರ್, ಅದರಲ್ಲಿ ಮೂರನೇ ಒಂದು ಭಾಗದಷ್ಟು ಹೆದರ್ ಗುಡ್ಡ, ಆದ್ರೆ ಪಾರ್ಕ್ ಅಂದಮಾತ್ರಕ್ಕೆ ಸರ್ಕಾರದ ಜಾಗ ಅಲ್ಲ, ಬಹುಪಾಲು ಖಾಸಗಿ ಎಸ್ಟೇಟುಗಳದ್ದು, ಅದರ ಮೇಲೆ ಕುರಿ ಮೇಯಿಸೋ ಹಕ್ಕು ರೈತರದ್ದು. ಮನುಷ್ಯರು ಸಾವಿರಾರು ವರ್ಷದ ಹಿಂದೆ ಮರ ಕಡಿದ್ರು, ಆಮೇಲೆ ಕುರಿ ಬಂತು, ಗಿಡ ಮೇಲೇಳದ ಹಾಗೆ ಮೇಯ್ತಾ ಬಂತು, ಹಾಗಾಗಿ ಇದು ಬೋಳು. ಕೈಬಿಟ್ರೆ ಒಂದೆರಡು ತಲೆಮಾರಲ್ಲಿ ಎಷ್ಟೋ ಜಾಗದಲ್ಲಿ ಬರ್ಚ್ ಮರ, ಬ್ರ್ಯಾಕನ್ ಅನ್ನೋ ಜರೀಗಿಡ ಎದ್ದು ನಿಲ್ಲತ್ತೆ.

ಅಕ್ಟೋಬರ್ ಬಂದ್ಮೇಲೆ ಗಾಳಿ ಕಮ್ಮಿ ಇರೋ ಒಣ ದಿನ ನೋಡಿ ಎಸ್ಟೇಟಿನ ಬೇಟೆ ಹಕ್ಕಿ ನೋಡ್ಕೊಳ್ಳೋ ಗೇಮ್‌ಕೀಪರ್‌ಗಳು ಗುಡ್ಡದ ಮೇಲೆ ಅಲ್ಲಲ್ಲಿ ಬೆಂಕಿ ಹಾಕ್ತಾರೆ. ಏಪ್ರಿಲ್ 15ರ ತನಕ ಕಾನೂನಲ್ಲಿ ಅವಕಾಶ ಇದೆ, ಆಮೇಲೆ ಹಕ್ಕಿ ಮೊಟ್ಟೆ ಇಡೋ ಕಾಲ. ಚಾಪೆ ಹಾಸಿದಂಗೆ ಸಣ್ಣ ಸಣ್ಣ ಪಟ್ಟಿ ಸುಡೋದು, ಮುದಿ ಗಿಡ ಹೋಗಿ ಎಳೇ ಚಿಗುರು ಬರತ್ತೆ, ಆ ಚಿಗುರು ತಿನ್ನೋದು ಗ್ರೌಸ್ ಹಕ್ಕಿ ಮತ್ತೆ ಕುರಿ. ಗ್ರೌಸ್ ಬೇಟೆಗೆ ಕಾಸು ಕೊಟ್ಟು ಬರೋರಿದಾರೆ, ಸೀಸನ್ ಆಗಸ್ಟ್ 12ಕ್ಕೆ ಶುರು, ಎಸ್ಟೇಟು ಗುಡ್ಡ ನೋಡ್ಕೊಳ್ಳೋದೇ ಆ ದುಡ್ಡಿಗೋಸ್ಕರ. ಅಂದ್ರೆ ನಮ್ಮ ಗೆಸ್ಟ್‌ಗಳು ಫೋಟೋ ತೆಗೆಯೋ ಆ ನೇರಳೆ ಬಣ್ಣದ ಹಿಂದೆ ಬೆಂಕಿ ಇದೆ, ಕೋವಿ ಇದೆ, ಕುರಿ ಇದೆ. ಬೇಟೆ ನನಗೆ ಇಷ್ಟ ಇಲ್ಲ, ನಾನು ನೋಡೋಕೂ ಹೋಗಲ್ಲ. ಆದ್ರೆ ಅದು ಇಲ್ಲ ಅಂತ ನಟಿಸಿ ಗೆಸ್ಟ್‌ಗಳಿಗೆ ಬರೀ ಹೂವಿನ ಕಥೆ ಹೇಳೋದೂ ಸರಿ ಅನ್ಸಲ್ಲ, ಕೇಳಿದವರಿಗೆ ಇದ್ದದ್ದನ್ನ ಇದ್ದಂಗೆ ಹೇಳ್ತೀನಿ.

2025ರ ಆಗಸ್ಟ್ ಬಗ್ಗೆ ಬರೀಬೇಕೋ ಬೇಡ್ವೋ ಅಂತ ಇಷ್ಟು ದಿನ ಸುಮ್ನಿದ್ದೆ. ಆ ವರ್ಷ ವಸಂತದಿಂದಲೇ ಮಳೆ ಕೈಕೊಟ್ಟಿತ್ತು. ಕಾಲಿಟ್ಟರೆ ಗಿಡ ಚರಚರ ಅನ್ನೋದು, ಗಿಡದ ಕೆಳಗಿನ ಪೀಟ್ ಮಣ್ಣು, ಅಂದ್ರೆ ಸಾವಿರಾರು ವರ್ಷದ ಕೊಳೆತ ಪಾಚಿ ಗಿಡ ಸೇರಿ ಆಗಿರೋ ಕಪ್ಪು ಮಣ್ಣು, ಅದು ಬಿರುಕು ಬಿಟ್ಟಿದ್ದನ್ನ ನಾನು ನೋಡಿದ್ದು ಆಗಲೇ. ಆಗಸ್ಟ್ 11ಕ್ಕೆ ನಮ್ಮ ಪೂರ್ವಕ್ಕೆ ಲ್ಯಾಂಗ್‌ಡೇಲ್ ಮೂರ್ ಮೇಲೆ ಬೆಂಕಿ ಎದ್ದಿತು. ಎರಡು ದಿನದಲ್ಲಿ ಮೇಜರ್ ಇನ್ಸಿಡೆಂಟ್ ಅಂತ ಘೋಷಣೆ ಆಯ್ತು. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 25 ಚದರ ಕಿಲೋಮೀಟರ್ ಸುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಅಲ್ಲಿ ತರಬೇತಿ ಮಾಡಿತ್ತಂತೆ, ಮಣ್ಣಲ್ಲಿ ಉಳಿದಿದ್ದ ಹಳೇ ಶೆಲ್‌ಗಳು ಶಾಖಕ್ಕೆ ಸಿಡಿಯೋಕೆ ಶುರುವಾಯ್ತು, ಹಂಗಾಗಿ ಫೈರ್ ಬ್ರಿಗೇಡ್‌ನವರು ಕೆಲವು ಕಡೆ ಒಳಗೇ ಹೋಗೋ ಹಾಗಿರಲಿಲ್ಲ.

ನಮ್ಮ ಮನೆ ತನಕ ಬೆಂಕಿ ಬರಲಿಲ್ಲ, ಹೊಗೆ ಬಂತು. ಒಣಗಾಕಿದ್ದ ಬೆಡ್‌ಶೀಟ್ ಎಲ್ಲಾ ಹೊಗೆ ವಾಸನೆ, ಮತ್ತೆ ಒಗೆದು ಒಳಗೆ ಒಣಗಿಸಿದ್ವಿ. ಮೂರು ಬುಕಿಂಗ್ ಕ್ಯಾನ್ಸಲ್ ಆಯ್ತು, ದುಡ್ಡು ಪೂರ್ತಿ ವಾಪಸ್ ಕೊಟ್ವಿ, ಬುಕಿಂಗ್ ಸೈಟ್ ಮಾತ್ರ ತನ್ನ ಕಮಿಷನ್ ವಿಚಾರದಲ್ಲಿ ವಾರಗಟ್ಟಲೆ ಆಡಿಸ್ತು, ಆ ಕಥೆ ಬೇಡ. ನನಗೆ ನೆನಪಿರೋದು ಬೇರೆ. ಆಚೀಚೆ ರೈತರು ಗೊಬ್ಬರದ ನೀರು ಹೊಡೆಯೋ ಟ್ಯಾಂಕರ್‌ಗೆ ನೀರು ತುಂಬ್ಕೊಂಡು, ಟ್ರ್ಯಾಕ್ಟರ್ ಕಟ್ಕೊಂಡು ರಾತ್ರಿ ಹಗಲು ಗುಡ್ಡಕ್ಕೆ ಹೋದ್ರು, ಕೆಲವರು ಬೆಂಕಿ ದಾಟದ ಹಾಗೆ ನೇಗಿಲಲ್ಲಿ ಪಟ್ಟಿ ಉತ್ತರು. ಅವರ ಕಟಾವಿನ ಟೈಮ್ ಅದು. ನಾವು ಫ್ಲಾಸ್ಕಲ್ಲಿ ಚಹಾ, ಡಬ್ಬೀಲಿ ಚಿತ್ರಾನ್ನ ಹಾಕಿ ಗೇಟ್ ಹತ್ರ ಇಡ್ತಿದ್ವಿ, ಬೆಳಗ್ಗೆ ನೋಡಿದ್ರೆ ಡಬ್ಬಿ ತೊಳೆದು ಇಟ್ಟಿರೋರು. ಯಾರು ತಿಂದ್ರು ಅಂತ ಇವತ್ತಿಗೂ ಗೊತ್ತಿಲ್ಲ.

ಪೀಟ್‌ಗೆ ಹಿಡಿದ ಬೆಂಕಿ ಮೇಲೆ ಆರಿದ್ರೂ ಒಳಗೆ ಕೊಂಡದ ಥರ ಕೆಂಡ ಆಗಿ ಉಳ್ಕೊಳ್ಳತ್ತೆ. ವಾರಗಳ ಮೇಲೂ ಹೊಗೆ ಏಳ್ತಿತ್ತು. ಆಮೇಲೆ ಜಗಳ ಶುರು. ಚಳಿಗಾಲದಲ್ಲಿ ಇನ್ನೂ ಸುಟ್ಟಿದ್ರೆ ಹೀಗಾಗ್ತಿರಲಿಲ್ಲ ಅಂತ ಕೀಪರ್‌ಗಳು, ಸುಟ್ಟೂ ಸುಟ್ಟೂ ಪೀಟ್ ಒಣಗಿದ್ದಕ್ಕೇ ಹೀಗಾಯ್ತು ಅಂತ ಇನ್ನೊಬ್ಬರು. ಎರಡೂ ಕಡೆಯವರು ನಮ್ಮ ಡೈನಿಂಗ್ ಟೇಬಲ್‌ಗೆ ಬಂದು ಕೂತು ಮಾತಾಡಿದ್ದಾರೆ. ನನಗನ್ಸೋದು, ಪೀಟ್ ದಪ್ಪ ಇರೋ ಕಡೆ ಬೆಂಕಿ ಬೇಡ, ನೀರು ನಿಲ್ಲಿಸಬೇಕು, ಹಿಂದೆ ತೋಡಿದ ಕಾಲುವೆ ಮುಚ್ಚಬೇಕು. ಅಮ್ಮಂಗೆ ಹೇಳಿದಾಗ ಅವಳು, "ಬ್ಯಾಣಕ್ಕೆ ಬೆಂಕಿ ಬೀಳದ ಹಾಗೆ ಅಪ್ಪ ಬೇಸಿಗೆಗೆ ಮುಂಚೆ ಸುತ್ತ ಕೆರೆದು ಬೆಂಕಿ ದಾರಿ ಮಾಡ್ತಿದ್ರಲ್ಲ, ಅಲ್ಲಿ ಮಾಡಲ್ವಾ?" ಅಂದ್ಳು. ಮಾಡ್ತಾರೆ ಅಮ್ಮಾ, ಸಾಲಲಿಲ್ಲ.

ಸರಿ, ಬೇರೆ ತಿಂಗಳಿಗೆ ಬರ್ತೀನಿ. ನನ್ನ ಕೇಳಿದ್ರೆ ಬರಬೇಕಾದ್ದು ಏಪ್ರಿಲ್‌ಗೆ. ಫಾರ್ನ್‌ಡೇಲ್ ಕಣಿವೇಲಿ ಡವ್ ಹೊಳೆ ಪಕ್ಕದಲ್ಲಿ ಕಾಡು ಡ್ಯಾಫೊಡಿಲ್ ಅರಳಿರತ್ತೆ, ಅಂಗಡೀಲಿ ಸಿಗೋ ದೊಡ್ಡ ಹೂವಲ್ಲ, ಗೇಣುದ್ದದ ತೆಳು ಹಳದಿ ಹೂವು, ಲೋ ಮಿಲ್‌ನಿಂದ ಚರ್ಚ್ ಹೌಸಸ್ ತನಕ ಒಂದೂವರೆ ಮೈಲಿ ಹೊಳೆಯಂಚಲ್ಲೇ ನಡೀಬಹುದು, ಮಕ್ಕಳನ್ನೂ ಕರ್ಕೊಂಡು ಹೋಗಬಹುದು. ಅದೇ ಟೈಮಿಗೆ ಕುರಿ ಮರಿ ಹಾಕತ್ತೆ. ನಾಯಿ ತರೋ ಗೆಸ್ಟ್‌ಗಳಿಗೆ ನಾನು ತುಂಬಾ ಕಟ್ಟುನಿಟ್ಟು. ಮಾರ್ಚ್ 1ರಿಂದ ಜುಲೈ 31ರ ತನಕ ಗುಡ್ಡದ ಮೇಲೆ ಎರಡು ಮೀಟರ್ ಒಳಗಿನ ಹಗ್ಗದಲ್ಲೇ ನಾಯಿ ಇರಬೇಕು ಅಂತ ಕಾನೂನೇ ಇದೆ, ರೂಮಲ್ಲಿ ದೊಡ್ಡಕ್ಷರದಲ್ಲಿ ಅಂಟಿಸಿದೀನಿ. ಒಂದ್ ವರ್ಷ ನಮ್ಮಲ್ಲಿ ಉಳಿದವರ ನಾಯಿ ಗಬ್ಬದ ಕುರಿಗಳನ್ನ ಅಟ್ಟಿಸ್ಕೊಂಡು ಹೋಗಿ ಎರಡು ಕುರಿ ಕಂದು ಹಾಕ್ತು. ಪಕ್ಕದ ರೈತ ಒಂದೂ ಬೈಗುಳ ಆಡಲಿಲ್ಲ, ನಮ್ಮ ಅಡುಗೆಮನೆ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತು ಸುಮ್ನೆ ವಿಷಯ ಹೇಳಿದ, ಅದನ್ನ ಮರೆಯೋಕಾಗಲ್ಲ.

ಈ ಕುರಿಗಳ ವಿಷಯ ಒಂದು ಹೇಳ್ಲೇಬೇಕು. ಗುಡ್ಡಕ್ಕೆ ಬೇಲಿ ಇಲ್ಲ. ಆದ್ರೂ ಒಬ್ಬೊಬ್ಬ ರೈತನ ಮಂದೆ ತನ್ನ ತನ್ನ ಜಾಗದಲ್ಲೇ ಮೇಯತ್ತೆ, ಯಾಕಂದ್ರೆ ತಾಯಿ ಕುರಿ ಮರಿಗೆ ಜಾಗ ಕಲಿಸತ್ತೆ, ಆ ಮರಿ ತನ್ನ ಮರಿಗೆ, ಹೀಗೆ ತಲೆತಲಾಂತರ. ಇದಕ್ಕೆ ಇಲ್ಲಿ ಹೆಫ್ಟ್ ಅಂತಾರೆ. ಮಂದೆ ಒಂದ್ಸಲ ಹೋಯ್ತು ಅಂದ್ರೆ ಸಂತೆಯಿಂದ ಹೊಸ ಕುರಿ ತಂದು ಬಿಟ್ರೆ ಆಗಲ್ಲ, ಅವು ಎಲ್ಲೆಲ್ಲೋ ಹೋಗ್ತವೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಬಂದು ಲಕ್ಷಾಂತರ ದನ ಕುರಿ ಕೊಂದಾಗ ಗುಡ್ಡಗಾಡಿನ ರೈತರಿಗೆ ಇದೇ ದೊಡ್ಡ ಭಯ ಆಗಿತ್ತಂತೆ.

ಜೂನ್ ಪೂರ್ತಿ ನಡೆಯೋರ ಕಾಲ. ಕೋಸ್ಟ್ ಟು ಕೋಸ್ಟ್ ಅಂತ ಪಶ್ಚಿಮ ಕಡಲ ಸೇಂಟ್ ಬೀಸ್‌ನಿಂದ ಪೂರ್ವ ಕಡಲ ರಾಬಿನ್ ಹುಡ್ಸ್ ಬೇ ತನಕ ಸುಮಾರು 190 ಮೈಲಿ, ಎರಡು ವಾರ ನಡೀತಾರೆ. ಅಲ್ಲಿಂದ ಒಂದು ಸಣ್ಣ ಕಲ್ಲು ಜೇಬಲ್ಲಿ ತಂದು ಇಲ್ಲಿಯ ಕಡಲಿಗೆ ಹಾಕೋದು ವಾಡಿಕೆ. ನಮ್ಮ ಮನೆ ಆ ದಾರಿಯಿಂದ ಸ್ವಲ್ಪ ದೂರ, ಆದ್ರೂ ನಮ್ಮನೆಯವರು ಕಾರ್ ತಗೊಂಡ್ ಹೋಗಿ ಬ್ಲೇಕಿ ರಿಡ್ಜ್‌ನಿಂದ ಕರ್ಕೊಂಡ್ ಬರ್ತಾರೆ, ಬೆಳಗ್ಗೆ ಅಲ್ಲೇ ಬಿಟ್ಟು ಬರ್ತಾರೆ. ಅವರು ಬಂದ್ರೆ ಮೊದಲು ಬೂಟು. ಒಳಗೆ ನ್ಯೂಸ್‌ಪೇಪರ್ ತುರುಕಿ ಬಾಯ್ಲರ್ ರೂಮಲ್ಲಿಟ್ಟು ಎರಡು ಗಂಟೆಗೊಮ್ಮೆ ಪೇಪರ್ ಬದಲಾಯಿಸಬೇಕು, ಹೀಟರ್ ಮೇಲೆ ಇಟ್ರೆ ಚರ್ಮ ಸೀಳತ್ತೆ. ಆಮೇಲೆ ಸ್ನಾನ, ಆಮೇಲೆ ಊಟ. ರಾತ್ರಿ ಹತ್ತು ಗಂಟೆಗೂ ಬೆಳಕಿರತ್ತೆ ಆಗ, ಯಾರಿಗೂ ನಿದ್ದೆ ಬರಲ್ಲ.

ನಮ್ಮ ಮನೇಲಿ ಮಾಂಸ ಬೇಯಿಸಲ್ಲ, ಬುಕಿಂಗ್ ಪೇಜಿನ ಮೊದಲ ಸಾಲಲ್ಲೇ ಬರೆದಿದೀವಿ. ಯಾರ್ಕ್‌ಶೈರಲ್ಲಿ ಬೇಕನ್ ಇಲ್ದೆ ಗೆಸ್ಟ್‌ಹೌಸ್ ನಡೆಸ್ತೀರಾ, ಒಂದು ವರ್ಷ ನಡೆದ್ರೆ ಹೆಚ್ಚು ಅಂತ ಶುರುವಲ್ಲಿ ಹೇಳಿದ್ರು. ಇದು ಎಂಟನೇ ವರ್ಷ. ಮೊಟ್ಟೆ, ಅಣಬೆ, ಬೀನ್ಸ್, ಟೊಮೇಟೊ ಇರತ್ತೆ, ಜೊತೆಗೆ ಉಪ್ಪಿಟ್ಟು. ನಡೆಯೋರಿಗೆ ಉಪ್ಪಿಟ್ಟು ಹಿಡಿಸಿದಷ್ಟು ಬೇರೇನೂ ಹಿಡಿಸಿಲ್ಲ, ಮಧ್ಯಾಹ್ನದ ತನಕ ಹೊಟ್ಟೆ ಗಟ್ಟಿ ಇರತ್ತೆ ಅಂತಾರೆ. ಇಲ್ಲಿ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು ಅಂತ ಕಾನೂನು, ಅದರಲ್ಲಿ ಸಾಸಿವೆಯೂ ಒಂದು. ಹಾಗಾಗಿ ಉಪ್ಪಿಟ್ಟಿನ ಕಾರ್ಡಲ್ಲಿ ಸಾಸಿವೆ, ಗೋಡಂಬಿ, ಗೋಧಿ ಮೂರನ್ನೂ ಬರೀಬೇಕು. ಒಗ್ಗರಣೆ ಇಲ್ದೆ ಮಾಡಿಕೊಡಿ ಅಂತ ಯಾರಾದ್ರೂ ಕೇಳಿದ್ರೆ ಮಾಡ್ತೀನಿ, ಆದ್ರೆ ಮನಸ್ಸಿಗೆ ಬೇಜಾರಾಗತ್ತೆ.

ಸೆಪ್ಟೆಂಬರಲ್ಲಿ ಹೆದರ್ ಜೇನುತುಪ್ಪ. ಜೇನು ಸಾಕೋರು ಆಗಸ್ಟಲ್ಲಿ ಪೆಟ್ಟಿಗೆ ತಂದು ಗುಡ್ಡದಲ್ಲಿಡ್ತಾರೆ. ಈ ತುಪ್ಪ ಹರಿಯಲ್ಲ, ಜೆಲ್ಲಿ ಥರ ನಿಂತಿರತ್ತೆ, ಮಾಮೂಲಿ ಯಂತ್ರದಲ್ಲಿ ತಿರುಗಿಸಿದ್ರೆ ಬರಲ್ಲ, ಎರಿ ಒತ್ತಿ ತೆಗೀಬೇಕು. ಸ್ವಲ್ಪ ಕಹಿ. ದೋಸೆಗೆ ಹಚ್ಕೊಂಡು ತಿನ್ನಿ.

ಅಕ್ಟೋಬರಿಗೆ ಬ್ರ್ಯಾಕನ್ ತುಕ್ಕಿನ ಬಣ್ಣಕ್ಕೆ ತಿರುಗತ್ತೆ, ಕಾವಳ ಶುರು. ಸ್ಕೂಲ್ ರಜಾ ವಾರದಲ್ಲಿ ಮಕ್ಕಳಿರೋ ಮನೆಯವರು ಸ್ಟೀಮ್ ರೈಲಿಗೆ ಬರ್ತಾರೆ, ಪಿಕರಿಂಗ್‌ನಿಂದ ಗ್ರೋಸ್ಮಂಟ್ ತನಕ 18 ಮೈಲಿ. 1836ರಲ್ಲಿ ಜಾರ್ಜ್ ಸ್ಟೀಫನ್‌ಸನ್ ಹಾಕಿಸಿದ ದಾರಿ, ಮೊದಲು ಕುದುರೆ ಎಳೀತಿತ್ತು. 1965ರಲ್ಲಿ ಮುಚ್ಚಿದ್ರು, ಊರವರು ಉತ್ಸಾಹಿಗಳು ಸೇರಿ 1973ರಲ್ಲಿ ಮತ್ತೆ ಓಡಿಸಿದ್ರು. ಈಗಲೂ ಹೆಚ್ಚಿನ ಕೆಲಸ ಮಾಡೋರು ಸಂಬಳ ಇಲ್ಲದ ಸ್ವಯಂಸೇವಕರು. ಹೋಲ್ ಆಫ್ ಹೋರ್ಕಮ್ ಅನ್ನೋ ಬಟ್ಟಲಾಕಾರದ ದೊಡ್ಡ ತಗ್ಗಿಗೂ ಎಲ್ಲಾ ಹೋಗ್ತಾರೆ. ವೇಡ್ ಅನ್ನೋ ದೈತ್ಯ ಹೆಂಡತಿ ಮೇಲೆ ಸಿಟ್ಟಲ್ಲಿ ಮಣ್ಣು ಬಾಚಿ ಎಸೆದಿದ್ದು ಅಂತ ಕಥೆ, ನಿಜಕ್ಕೂ ಒರತೆ ನೀರು ಸಾವಿರಾರು ವರ್ಷ ಕೊರೆದಿದ್ದು. ಕಾವಳ ಇದ್ದ ದಿನ ಹೋಗಬೇಡಿ ಅಂತ ಎಷ್ಟು ಹೇಳಿದ್ರೂ ಒಬ್ಬರು ಹೋಗಿ ಸಂಜೆ ಏಳಾದ್ರೂ ಬರದೇ ಇದ್ದಾಗ ನಾವು ಪಟ್ಟ ಪಾಡು ನಮಗೇ ಗೊತ್ತು. ಬಂದ್ರು, ಕುರಿ ದಾರಿ ಹಿಡ್ಕೊಂಡು ಬಂದ್ರು. ಅವತ್ತಿಂದ ಯಾವ ಕಡೆ ಹೋಗ್ತೀರಾ, ಎಷ್ಟೊತ್ತಿಗೆ ವಾಪಸ್ ಅಂತ ಬಾಗಿಲ ಹತ್ರದ ಪುಸ್ತಕದಲ್ಲಿ ಬರೆಸ್ಕೊಳ್ತೀವಿ.

ಡಿಸೆಂಬರ್ ಜನವರಿ ಕಷ್ಟ. ಡಿಸೆಂಬರಲ್ಲಿ ನಾಲ್ಕು ಗಂಟೆಗೆ ಮುಂಚೆ ಸೂರ್ಯ ಮುಳುಗಿಬಿಡ್ತಾನೆ. ನಮಗೆ ಪೈಪ್ ಗ್ಯಾಸ್ ಇಲ್ಲ, ಬಾಯ್ಲರ್ ಓಡೋದು ಎಣ್ಣೇಲಿ, ಟ್ಯಾಂಕರ್ ಬರೋಕೆ ರಸ್ತೆ ತೆರೆದಿರಬೇಕು, ನೀರು ಗುಡ್ಡದ ಒರತೆಯಿಂದ ಬರೋದು, ಹೆಪ್ಪುಗಟ್ಟಿದ್ರೆ ಇವರು ಬಿಸಿನೀರಿನ ಕೆಟಲ್ ಹಿಡ್ಕೊಂಡು ಪೈಪ್ ಉದ್ದಕ್ಕೂ ಹೋಗ್ತಾರೆ. ನಾಲ್ಕರಲ್ಲಿ ಮೂರು ರೂಮು ಮುಚ್ಚಿ, ಗೋಡೆಗೆ ಬಣ್ಣ, ಪರದೆಗೆ ಹೊಲಿಗೆ. ಆದ್ರೆ 2020ರ ಡಿಸೆಂಬರಲ್ಲಿ ಈ ಪಾರ್ಕ್‌ಗೆ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ರಿಸರ್ವ್ ಅನ್ನೋ ಮಾನ್ಯತೆ ಸಿಕ್ಕಿದ ಮೇಲೆ ನಕ್ಷತ್ರ ನೋಡೋರು ಬರೋಕೆ ಶುರು ಮಾಡಿದ್ದಾರೆ. ಅಂಗಳದ ಲೈಟೆಲ್ಲ ಬದಲಾಯಿಸಿದ್ವಿ, ಬೆಳಕು ಕೆಳಗೆ ಮಾತ್ರ ಬೀಳೋ ಥರ. ಹೋದ ಜನವರೀಲಿ ಲೀಡ್ಸ್‌ನಿಂದ ಬಂದಿದ್ದ ಎಂಬತ್ತರ ಅಜ್ಜಿ ಒಬ್ಬರು ಕಂಬಳಿ ಹೊದ್ದು ಹಿಂದಿನ ಗೇಟ್ ಹತ್ರ ಕುರ್ಚಿ ಹಾಕಿಸ್ಕೊಂಡು ಒಂದು ಗಂಟೆ ಕೂತಿದ್ರು, ಆಕಾಶಗಂಗೆ ನೋಡಿದ್ದು ಚಿಕ್ಕವಳಿದ್ದಾಗ ಅಂದ್ರು, ಯುದ್ಧದ ನಂತರದ ವರ್ಷಗಳಲ್ಲಿ.

ನಿನ್ನೆ ಬೆಳಗ್ಗೆ ಬೂದಿ ಹಾಕೋಕೆ ಹಿಂದುಗಡೆ ಹೋದಾಗ ಈ ವರ್ಷದ ಮೊದಲ ಕರ್ಲ್ಯೂ ಕೂಗು ಕೇಳ್ತು. ಉದ್ದ ಬಾಗಿದ ಕೊಕ್ಕಿನ ಹಕ್ಕಿ, ಚಳಿಗಾಲಕ್ಕೆ ಕಡಲ ಕಡೆ ಹೋಗಿ ಮರಿ ಮಾಡೋಕೆ ಗುಡ್ಡಕ್ಕೆ ವಾಪಸ್ ಬರತ್ತೆ, ಕೂಗು ಮೆಲ್ಲಗೆ ಶುರುವಾಗಿ ಉಕ್ಕಿ ಉಕ್ಕಿ ಮೇಲೆ ಹೋಗತ್ತೆ. ಬೂದಿ ಬುಟ್ಟಿ ಕೆಳಗಿಟ್ಟು ಅಮ್ಮಂಗೆ ಫೋನ್ ಮಾಡಿ ಗುಡ್ಡದ ಕಡೆ ಹಿಡಿದೆ. "ಗಾಳಿ ಶಬ್ದ ಜಾಸ್ತಿ, ಇನ್ನೊಂದ್ಸಲ ಹಿಡಿ" ಅಂದ್ಳು. ಹಿಡಿದೆ, ಅಷ್ಟರಲ್ಲಿ ಅದು ಆಚೆ ದಿಬ್ಬ ದಾಟಿತ್ತು.