ಬಿದ್ರಿ ಅಂಗಡಿ ಡೈರಿ: ಎಂಟು ಹೋಗಿ ಒಂಬತ್ತಾದದ್ದು

ಸೋಮವಾರ

ಬೆಳಿಗ್ಗೆ ಚಹಾ ಕುಡೀತಾ ನನ್ನ ಆನ್‌ಲೈನ್ ಅಂಗಡಿಯ ಸೆಲ್ಲರ್ ಪ್ಯಾನಲ್ ತೆಗೆದೆ. ರಾತ್ರಿ ಮಲಗುವಾಗ 23 ಲಿಸ್ಟಿಂಗ್ (ಮಾರಾಟಕ್ಕಿಟ್ಟ ಸಾಮಾನಿನ ಪುಟ) ಇದ್ದವು. ಈಗ ನಡೀತಿರೋದು 15. ಉಳಿದ ಎಂಟರ ಮುಂದೆ ಕೆಂಪು ಅಕ್ಷರದಲ್ಲಿ ‘ಬ್ಲಾಕ್’ ಅಂತ ಬಿದ್ದಿದೆ. ದೀಪಾವಳಿಗೆ ಮೂರು ವಾರ ಇದೆ. ಜಾಸ್ತಿ ಹೋಗುವ ಹೂದಾನಿಯೇ ಆ ಎಂಟರಲ್ಲಿ ಮೊದಲನೆಯದು.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಬೀದರಿನವನು. ಹಗಲು ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸ. ಸಂಜೆ ನಮ್ಮ ಓಣಿಯ ಬಿದ್ರಿ ಚಾಚಾ ಮಾಡಿದ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಬಿದ್ರಿ ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ನಮ್ಮೂರಿನ ಕಲೆ. ಉಳಿ, ಸುತ್ತಿಗೆ, ಭಟ್ಟಿ ಅವರದು. ಫೋಟೋ, ಪ್ಯಾಕಿಂಗ್, ಜಗಳ ನನ್ನದು.

ಗಾಬರಿಯಲ್ಲಿ ಒಂದು ತಪ್ಪು ಮಾಡಿದೆ. ಹಳೇದು ಹೋದರೆ ಹೋಗಲಿ ಅಂತ ಅದೇ ಹೂದಾನಿಗೆ, ಅದೇ ಫೋಟೋ ಹಾಕಿ, ಹೊಸ ಲಿಸ್ಟಿಂಗ್ ಮಾಡಿ ಮಲಗಿದೆ.

ಮಂಗಳವಾರ

ಹೊಸದೂ ಹೋಯ್ತು. ಕಾರಣ ‘ಡುಪ್ಲಿಕೇಟ್’. ಎಂಟು ಇದ್ದದ್ದು ಒಂಬತ್ತಾಯಿತು. ಜೊತೆಗೆ ಅಕೌಂಟ್ ಮೇಲೆ ಒಂದು ಎಚ್ಚರಿಕೆಯೂ ಬಂತು. ಇನ್ನೊಂದು ಸಲ ಹೀಗೆ ಮಾಡಿದರೆ ಇಡೀ ಅಂಗಡಿಗೇ ಬೀಗ ಅನ್ನುವ ಧಾಟಿ. ಹಳೇ ಲಿಸ್ಟಿಂಗ್‌ಗೆ ಎರಡು ವರ್ಷದಲ್ಲಿ ಕೂಡಿದ ಸ್ಟಾರು, ರಿವ್ಯೂ ಎಲ್ಲ ಅಂಟಿಕೊಂಡಿವೆ. ಹೊಸದು ಮಾಡಿದರೆ ಅವೆಲ್ಲ ಸೊನ್ನೆಯಿಂದ ಶುರು. ತಿದ್ದುವುದಾದರೆ ಹಳೇದನ್ನೇ ತಿದ್ದಬೇಕು. ಇದು ನನಗೆ ಗೊತ್ತಿತ್ತು. ಆದರೂ ರಾತ್ರಿ ಹನ್ನೊಂದಕ್ಕೆ ತಲೆ ಓಡಲ್ಲ ನೋಡಿ.

ಮಧ್ಯಾಹ್ನ ಇನ್ನೊಂದು ನೆನಪಾಯಿತು. ಬ್ಲಾಕ್ ಆದ ಐಟಂಗಳ ಮೇಲೆ ಮೊದಲೇ ಬಂದ ಎರಡು ಆರ್ಡರ್ ಹಾಗೇ ಜೀವಂತ ಇದ್ದವು. ಲಿಸ್ಟಿಂಗ್ ಹೋಯ್ತು ಅಂತ ನಾನು ಸುಮ್ನೆ ಕೂತಿದ್ದರೆ ಅವು ನನ್ನ ಲೆಕ್ಕಕ್ಕೆ ಕ್ಯಾನ್ಸಲ್ ಆಗುತ್ತಿದ್ದವು. ಸೆಂಟರ್‌ನಲ್ಲಿ ಅರ್ಧ ಗಂಟೆ ರಜೆ ಕೇಳಿ ಕೊರಿಯರ್‌ಗೆ ಹಾಕಿ ಬಂದೆ.

ಬುಧವಾರ

ಕಾರಣಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಐದಕ್ಕೆ ‘ಬೆಲೆಬಾಳುವ ಲೋಹ, ಶುದ್ಧತೆಯ ಸರ್ಟಿಫಿಕೇಟ್ ಇಲ್ಲ’. ಎರಡಕ್ಕೆ ‘ಬ್ರ್ಯಾಂಡ್ ಅನುಮತಿ ಇಲ್ಲ’. ಒಂದಕ್ಕೆ ಫೋಟೋ. ಒಂಬತ್ತನೇದು ನನ್ನ ಪುಣ್ಯ.

ಐದರ ಗುಟ್ಟು ಬೇಗ ಗೊತ್ತಾಯಿತು. ಟೈಟಲ್‌ನಲ್ಲಿ ನಾನೇ ‘ಪ್ಯೂರ್ ಸಿಲ್ವರ್ ವರ್ಕ್’ ಅಂತ ಬರೆದಿದ್ದೆ. ಸುಳ್ಳಲ್ಲ. ಚಾಚಾ ಕೂರಿಸುವ ತಂತಿ ಚೊಕ್ಕ ಬೆಳ್ಳಿಯೇ. ಆದರೆ ಹೂದಾನಿ ಬೆಳ್ಳಿಯದಲ್ಲ. ಮೈ ಪೂರ್ತಿ ಸತು, ಅದರಲ್ಲಿ ಒಂದಿಷ್ಟು ತಾಮ್ರ. ಚಾಚಾನ ಲೆಕ್ಕ ಹದಿನಾರಕ್ಕೆ ಒಂದು. ಪರಿಶೀಲನೆ ಮಾಡುವ ಮಷೀನ್ ‘ಸಿಲ್ವರ್’ ಕಂಡ ಕೂಡಲೇ ಇದನ್ನು ಬೆಳ್ಳಿ ಚೊಂಬಿನ ಸಾಲಿಗೆ ತಳ್ಳಿ, ಪ್ಯೂರಿಟಿ ಕಾಗದ ಎಲ್ಲಿ ಅಂತ ಕೇಳಿದೆ.

ಸಂಜೆ ಚಾಚಾಗೆ ಹೇಳಿದೆ, ಟೈಟಲ್‌ನಿಂದ ಬೆಳ್ಳಿ ತೆಗೀತೀನಿ ಅಂತ. ಅವರು ಉಳಿ ಕೆಳಗಿಟ್ಟರು.

‘ಬೆಳ್ಳಿ ಅಂತ ಬರೀಬ್ಯಾಡ ಅಂದ್ರ ಮತ್ತೇನ್ ಬರೀತಿ? ತಗಡು ಅಂತ ಬರೀತೇನು?’

‘ಸತು ಅಂತ ಬರೀತೀನ್ರಿ ಚಾಚಾ. ಬೆಳ್ಳಿ ತಂತಿ ಅಂತ ಕೆಳಗ ಬರೀತೀನಿ. ಮೊದಲ ಮಷೀನ್ ಓದ್ತದ, ಆಮ್ಯಾಲ ಮನುಷ್ಯಾರು.’

‘ಹಂಗಾದ್ರ ಮಷೀನ್‌ಗೇ ಮಾರು,’ ಅಂದು ಮತ್ತೆ ಉಳಿ ಹಿಡಿದರು.

ಅವರ ಸಿಟ್ಟಿನಲ್ಲಿ ಅರ್ಥ ಇದೆ. ಬೆಳ್ಳಿ ಅನ್ನುವ ಮಾತು ಮೇಲೆ ಕಾಣದಿದ್ದರೆ, ಅಂಗೈಯಗಲದ ಡಬ್ಬಿಗೆ ಅಷ್ಟು ರೇಟ್ ಯಾಕೆ ಅಂತ ಗಿರಾಕಿಗೆ ಹೇಗೆ ತಿಳೀಬೇಕು? ಆದರೂ ತೆಗೆದೆ. ಮುಖ್ಯ ವಸ್ತು ಅನ್ನುವ ಕಡೆ ‘ಸತು ಮಿಶ್ರಲೋಹ’. ಅಲಂಕಾರ ಅನ್ನುವ ಕಡೆ ‘ಬೆಳ್ಳಿ ತಂತಿ ಕೂರಿಸಿದ್ದು’. ತೆರಿಗೆಗಾಗಿ ಸಾಮಾನನ್ನು ವಿಂಗಡಿಸುವ ಹೆಚ್‌ಎಸ್‌ಎನ್ ಕೋಡ್ ಕೂಡ ನೋಡಿಕೊಂಡೆ. 8306, ಸಾಮಾನ್ಯ ಲೋಹದ ಅಲಂಕಾರದ ವಸ್ತುಗಳದ್ದು. ಎರಡಕ್ಕೆ ನಾನು ಬೆಳ್ಳಿ ಸಾಮಾನಿನ ಕೋಡ್ ಹಾಕಿಬಿಟ್ಟಿದ್ದೆ. ಮಷೀನ್‌ನ ಬಯ್ಯುವ ಮೊದಲು ಇದನ್ನು ನೋಡಬೇಕಿತ್ತು.

ಶುಕ್ರವಾರ

ಒಂಬತ್ತನ್ನೂ ಒಂದೇ ಅಪೀಲಿನಲ್ಲಿ ಹಾಕಿ ಕಳಿಸಿದ್ದೆ. ನಾಲ್ಕು ನಿಮಿಷದಲ್ಲಿ ‘ನಿಮ್ಮ ಮನವಿ ಪರಿಶೀಲಿಸಿದ್ದೇವೆ’ ಅಂತ ತಿರಸ್ಕಾರ ಬಂತು. ಇನ್ನೊಮ್ಮೆ ಕಳಿಸಿದೆ. ಅದೇ ಉತ್ತರ, ಕಾಮಾ ಕೂಡ ಬದಲಾಗಿಲ್ಲ. ಮೂರನೇ ಸಲ ಉದ್ದುದ್ದ ಬರೆದೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ಕಲೆ, 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ, ಹೀಗೆಲ್ಲ. ಆ ಕಡೆ ಕೂತವರಿಗೆ ಇದ್ಯಾವುದೂ ಬೇಕಿಲ್ಲ. ಸತು ಎಷ್ಟು, ಬೆಳ್ಳಿ ಎಲ್ಲಿ, ಕಾಗದ ಯಾವುದು, ಅಷ್ಟೇ.

ಹಾಗಾಗಿ ಹೊಸ ಲೆಕ್ಕ. ಒಂದು ಲಿಸ್ಟಿಂಗ್‌ಗೆ ಒಂದು ಟಿಕೆಟ್, ಅಂದರೆ ಬೇರೆಯದೇ ದೂರು. ಒಂದು ಪಿಡಿಎಫ್. ಮೇಲೆ ಎರಡು ಸಾಲು, ಕೆಳಗೆ ಕೆಲಸದ ಹಂತಗಳ ಫೋಟೋ, ಕೊನೆಗೆ ಚಾಚಾ ಕೊಟ್ಟ ಬಿಲ್ಲು.

ಭಾನುವಾರ

ಫೋಟೋ ತೆಗೆಯಲು ಇಡೀ ದಿನ ಚಾಚಾನ ಹತ್ತಿರವೇ ಕೂತೆ. ಎರಡು ವರ್ಷದಿಂದ ಮಾರುತ್ತಿದ್ದೇನೆ, ಮೊದಲಿನಿಂದ ಕೊನೆತನಕ ಒಂದು ಡಬ್ಬಿ ಆಗುವುದನ್ನು ಕೂತು ನೋಡಿರಲಿಲ್ಲ.

ಹಿಂದಿನ ದಿನ ಎರಕ ಹೊಯ್ದ ಡಬ್ಬಿ ಬೂದು ಬಣ್ಣಕ್ಕಿತ್ತು. ಅದನ್ನು ಉಜ್ಜಿ, ಮೈಲುತುತ್ತದ ನೀರು ಸವರಿದರು. ಮೈ ಕಪ್ಪಾಯಿತು. ಇದು ನಿಲ್ಲುವ ಕಪ್ಪಲ್ಲ, ಗೀರು ಎದ್ದು ಕಾಣಲಿ ಅಂತ ಅಷ್ಟೇ. ಸ್ಕೆಚ್ ಇಲ್ಲ, ಗೆರೆ ಇಲ್ಲ, ನೇರವಾಗಿ ಉಳಿಯಿಂದ ಬಳ್ಳಿ ಕೊರೆದರು. ಆ ಕಾಲುವೆಯಲ್ಲಿ ಬೆಳ್ಳಿ ತಂತಿ ಇಟ್ಟು ಟಕ್ ಟಕ್ ಅಂತ ಬಡಿದು ಕೂರಿಸಿದರು. ಆಮೇಲೆ ಕಾನಸು, ಪಾಲಿಶ್ ಕಾಗದ. ಉಜ್ಜಿದ ಮೇಲೆ ಮೇಲಿನ ಕಪ್ಪು ಹೋಯಿತು. ಈಗ ಡಬ್ಬಿಯೂ ಬೆಳ್ಳಗೆ, ತಂತಿಯೂ ಬೆಳ್ಳಗೆ. ಬೆಳ್ಳಿ ಎಲ್ಲಿ, ಸತು ಎಲ್ಲಿ ಅಂತ ನನಗೇ ಗೊತ್ತಾಗಲಿಲ್ಲ, ಪಾಪ ಮಷೀನ್‌ಗೆ ಏನು ಗೊತ್ತಾದೀತು?

ಕೊನೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಜಾಗದ್ದೇ ಆಗಬೇಕು. ಚಾಚಾ ಒಂದು ಚಿಟಿಕೆ ನಾಲಿಗೆ ಮೇಲಿಟ್ಟು ನೋಡಿದರು. ‘ಚಲೋ ಅದ.’ ಆ ಮಣ್ಣು, ನವಸಾಗರ, ನೀರು ಸೇರಿಸಿ ಕುದಿಸಿದರು. ಡಬ್ಬಿ ಅದ್ದಿ ತೆಗೆದರು. ಸತು ಕಾಡಿಗೆಯಷ್ಟು ಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ, ಬಳ್ಳಿ ಪೂರ್ತಿ ಎದ್ದು ನಿಂತಿತು. ನನ್ನ ಪಿಡಿಎಫ್‌ಗೆ ಬೇಕಾದ ಎರಡು ಫೋಟೋ ಇವೇ: ಅದ್ದುವ ಮೊದಲಿನದು, ಅದ್ದಿದ ಮೇಲಿನದು.

ಮುಂದಿನ ಬುಧವಾರ

ನಾಲ್ಕು ವಾಪಸ್! ಹೂದಾನಿ, ಎರಡು ಡಬ್ಬಿ, ಒಂದು ತಟ್ಟೆ. ಹೂದಾನಿಯ ರಿವ್ಯೂ ಎಲ್ಲ ಹಾಗೇ ಇವೆ. ಹುಡುಕಿದರೆ ಮಾತ್ರ ಮೊದಲ ಪುಟದಲ್ಲಿ ಬರುತ್ತಿಲ್ಲ.

ಬ್ರ್ಯಾಂಡ್‌ನದು ಬೇರೆ ಕಥೆ. ಎರಡು ಲಿಸ್ಟಿಂಗ್‌ನಲ್ಲಿ ಬ್ರ್ಯಾಂಡ್ ಅನ್ನುವ ಜಾಗದಲ್ಲಿ ನಾನು ‘ಬಿದ್ರಿ’ ಅಂತ ಹಾಕಿದ್ದೆ. ಅವರು ಟ್ರೇಡ್‌ಮಾರ್ಕ್ ಪತ್ರ ಕೇಳಿದರು. ಬಿದ್ರಿ ಯಾರದೋ ಒಬ್ಬರ ಬ್ರ್ಯಾಂಡ್ ಅಲ್ಲ, ಊರಿನ ಕಲೆಗೆ ಸಿಕ್ಕ ಜಿಐ ಟ್ಯಾಗ್ (ಭೌಗೋಳಿಕ ಗುರುತು), 2006ರಿಂದ ಇದೆ. ಅದನ್ನು ಬಳಸುವ ಕುಶಲಕರ್ಮಿ ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಬಹುದು. ಚಾಚಾ ಹತ್ತಿರ ಆ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದೆ. ಪೆಟ್ಟಿಗೆಯ ತಳದಿಂದ, ಲೈಟ್ ಬಿಲ್ಲುಗಳ ಕೆಳಗಿನಿಂದ ತೆಗೆದು ಕೊಟ್ಟರು. ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ. ನಾನು ಒಮ್ಮೆಯೂ ಕೇಳಿರಲಿಲ್ಲ. ಬ್ರ್ಯಾಂಡ್ ಜಾಗದಲ್ಲಿ ‘ಜೆನೆರಿಕ್’, ಟೈಟಲ್‌ನಲ್ಲಿ ‘ಬಿದ್ರಿ’, ಜೊತೆಗೆ ಆ ಸರ್ಟಿಫಿಕೇಟ್. ಕಳಿಸಿದೆ.

ಶನಿವಾರ

ಬ್ರ್ಯಾಂಡ್‌ನವು ಎರಡೂ ಬಂದವು.

ಫೋಟೋದ್ದು ಕಿರಿಕಿರಿ. ಮೊದಲ ಚಿತ್ರಕ್ಕೆ ಬಿಳಿ ಹಿನ್ನೆಲೆಯೇ ಬೇಕಂತೆ. ನಾನು ಕೋಟೆಯ ಕೆಂಪು ಮುರಕಲ್ಲಿನ ಮೇಲಿಟ್ಟು ತೆಗೆದಿದ್ದೆ, ಎಷ್ಟು ಚಂದ ಬಂದಿತ್ತು! ಅದನ್ನು ಎರಡನೇ ಜಾಗಕ್ಕೆ ಇಳಿಸಿದೆ. ಬಿಳಿ ಕಾಗದದ ಮೇಲೆ ಇಟ್ಟರೆ ಬಿದ್ರಿಯ ಹೊಳಪಿನಲ್ಲಿ ನನ್ನ ಮುಖ, ಫೋನು, ಫ್ಯಾನು ಎಲ್ಲ ಕಾಣುತ್ತಿತ್ತು. ಅಪ್ಪನ ಹಳೇ ಬಿಳಿ ಧೋತರ ಕಿಟಕಿಗೆ ಅಡ್ಡ ಕಟ್ಟಿ, ಸಂಜೆ ನಾಲ್ಕರ ಬೆಳಕಿನಲ್ಲಿ ಪಕ್ಕದಿಂದ ತೆಗೆದೆ. ಒಂದೇ ದಿನದಲ್ಲಿ ಪಾಸ್. ಅಪ್ಪ ಧೋತರ ಹುಡುಕುತ್ತಿದ್ದಾರೆ.

ಕೈ ಹಚ್ಚಿದ ಮೇಲೆ ಬ್ಲಾಕ್ ಆಗದ 15ನ್ನೂ ಬಿಚ್ಚಿ ನೋಡಿದೆ. ತಯಾರಿಸಿದವರ ವಿಳಾಸದ ಕಡೆ ‘ಎನ್‌ಎ’, ಅಂದರೆ ಅನ್ವಯಿಸಲ್ಲ ಅಂತ. ಯಾವ ದೇಶದ್ದು ಅನ್ನುವುದು ಕೆಲವದರಲ್ಲಿ ಖಾಲಿ. ಪ್ಯಾಕೇಜ್ ಮಾಡಿದ ಸಾಮಾನಿಗೆ ಇವೆಲ್ಲ ಆನ್‌ಲೈನ್‌ನಲ್ಲೂ ಕಾಣಬೇಕು ಅಂತ ತೂಕ ಮತ್ತು ಅಳತೆಯ ನಿಯಮದಲ್ಲೇ ಇದೆ. ಮುಂದಿನ ಸರದಿ ಇವುಗಳದ್ದೇ ಆಗುತ್ತಿತ್ತು. ರಾತ್ರಿ ಎರಡು ಗಂಟೆವರೆಗೆ ತುಂಬಿದೆ.

ಇವತ್ತು

ಲೆಕ್ಕ ಹೀಗಿದೆ. ಏಳು ವಾಪಸ್. ಡುಪ್ಲಿಕೇಟ್ ನಾನೇ ಅಳಿಸಿದೆ. ಉಳಿದದ್ದು ಕಿವಿಯೋಲೆ. ಅದು ಆಭರಣದ ಕ್ಯಾಟಗರಿ, ಅಲ್ಲಿ ಸತು ಅಂದರೂ ಬಿಡುತ್ತಿಲ್ಲ, ಬೆಳ್ಳಿ ಅಂದರೂ ಬಿಡುತ್ತಿಲ್ಲ. ಐದನೇ ಟಿಕೆಟ್ ನಡೆದಿದೆ. ನಾಳೆ 11ರಿಂದ 1ರ ಒಳಗೆ ಫೋನ್ ಮಾಡ್ತೀವಿ ಅಂದಿದ್ದಾರೆ.

ಚಾಚಾ ಹೂದಾನಿ ಎಷ್ಟು ಹೋದವು ಅಂತ ಕೇಳಿದರು. ಮೂರು ಅಂದೆ. ‘ಮಷೀನ್ ಎಷ್ಟ್ ತಗೊಂಡ್ತು?’ ಅಂದು ನಕ್ಕರು.