ಒಳಗೆ ಬರಬಹುದೇ ಸಾರ್?

ಒಂಬತ್ತನೆಯ ತರಗತಿ, ಜೂನ್ ತಿಂಗಳ ಒಂದು ಮಧ್ಯಾಹ್ನ. ಕಿಟಕಿಯಾಚೆ ಮೋಡ ದಟ್ಟೈಸಿತ್ತು. ಹಾಜರಿ ಕರೆದು ಮುಗಿಸಿದ ಕನ್ನಡ ಮೇಷ್ಟ್ರು ಹೊರಗೆ ನೋಡಿ, "ಇವತ್ತು ನಿಮಗೆ ಆಟ ಉಂಟೇನಯ್ಯಾ?" ಎಂದು ನನ್ನನ್ನು ಕೇಳಿದರು. "ಬಹುಶಃ ಮಳೆ ಬರಬಹುದು ಸಾರ್" ಎಂದೆ.

ಅವರು ಆ ಮೂರು ಪದಗಳನ್ನು ಹಲಗೆಯ ಮೇಲೆ ಬರೆದರು. ಎರಡು ಕಡೆ ಇದ್ದ 'ಬಹು'ವಿನ ಕೆಳಗೆ ಗೆರೆ ಎಳೆದು, "ಇವೆರಡೂ ಒಂದೇ ತಾಯಿಯ ಮಕ್ಕಳೋ?" ಎಂದರು. ಇಡೀ ತರಗತಿ ಹೌದೆಂದಿತು. ಅವರು ತಲೆಯಾಡಿಸಲಿಲ್ಲ, ಬೈಯಲೂ ಇಲ್ಲ. ಸೀಮೆಸುಣ್ಣದ ಹೊಸ ತುಂಡೊಂದನ್ನು ತೆಗೆದುಕೊಂಡರು.

'ಬಹುಶಃ' ಸಂಸ್ಕೃತದಿಂದ ಬಂದದ್ದು. ಅಕ್ಷರಶಃ, ಕ್ರಮಶಃ ಎಂಬಲ್ಲಿರುವ ಪ್ರತ್ಯಯವೇ ಇಲ್ಲಿಯೂ ಇದೆ. ಸಂಸ್ಕೃತದಲ್ಲಿ 'ಬಹುಶಃ' ಪದಕ್ಕೆ 'ಅನೇಕ ಸಲ, ಬಹಳವಾಗಿ' ಎಂಬರ್ಥ, ಸಂಶಯದ ಸುಳಿವಿಲ್ಲ. ಹಲವು ಸಲ ಆದದ್ದು ಈ ಸಲವೂ ಆದೀತು ಎಂಬ ಊಹೆಯೇ ಕನ್ನಡದಲ್ಲಿ ಅದರ ಅರ್ಥವಾಗಿ ನಿಂತಿತು ಎಂದು ಮೇಷ್ಟ್ರು ಬಿಡಿಸಿ ಹೇಳಿದರು.

'ಬಹುದು' ಮಾತ್ರ ಅಚ್ಚಗನ್ನಡ. ಅದಕ್ಕೂ 'ಬಹು'ವಿಗೂ ನಂಟೇ ಇಲ್ಲ. ಅದು 'ಬರು' ಧಾತುವಿನ ಕುಡಿ. ಹಳಗನ್ನಡದ ಬರ್ಪುದು, ಬಪ್ಪುದು ಎಂಬ ರೂಪಗಳೇ ಮುಂದೆ ಬಹುದು ಆದವು. ಪಾಲು ಹಾಲಾದಂತೆ, ಪೂ ಹೂವಾದಂತೆ ಇಲ್ಲಿಯೂ ಪಕಾರ ಹಕಾರವಾಯಿತು. "ಬರುವುದಕ್ಕೂ ಅನುಮಾನಕ್ಕೂ ಏನು ಸಂಬಂಧ ಸಾರ್?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. "ನಿನಗೆ ಈಜಲು ಬರುತ್ತದೆಯೇ?" ಎಂದು ಮೇಷ್ಟ್ರು ಅವನನ್ನೇ ಕೇಳಿದರು. ಬರುತ್ತದೆ ಎಂದ. ಆ 'ಬರುತ್ತದೆ'ಯೇ ಇದು! ಮಾಡಲು ಬರುವುದು ಎಂದರೆ ಮಾಡಲು ಆಗುವುದು, ಆಗುವುದರಿಂದ ಆಗಬಹುದಾದದ್ದು. ಬಾರದೆ ಹೋದರೆ 'ಮಾಡಬಾರದು'. ದಿನಕ್ಕೆ ನೂರು ಸಲ ಆಡುವ ಮಾತಿನೊಳಗೆ ಇಷ್ಟೆಲ್ಲ ಅಡಗಿದೆಯೆಂದು ತಿಳಿದು ಅಂದು ನನಗೆ ಮೈ ಜುಮ್ಮೆಂದಿತ್ತು.

ಸಂಜೆ ಅವರು ನನ್ನನ್ನು ಗ್ರಂಥಾಲಯದ ಗಾಜಿನ ಬೀರುವಿನ ಬಳಿಗೆ ಕರೆದೊಯ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಮರುಮುದ್ರಣವೊಂದು ಅಲ್ಲಿತ್ತು. ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟೆ. ಬೆನ್ನಿನ ಬಟ್ಟೆ ಕಿತ್ತು ನೂಲು ಕಾಣುತ್ತಿತ್ತು. ಹಾಳೆ ತಿರುವುತ್ತಲೇ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಧಾತು ಬೇರೆಯಾದರೂ ರೂಪದಲ್ಲಿ 'ಬಹುದು' ಪದದ ನಿಜವಾದ ಜೋಡಿ 'ಹೌದು'. 'ಆಗು' ಧಾತುವಿನಿಂದ ಅಪ್ಪುದು, ಅದರಿಂದ ಅಹುದು, ಕೊನೆಗೆ ಹೌದು. ಬಸವಣ್ಣನವರ ವಚನದ 'ಅಹುದಹುದೆನಬೇಕು' ನಮಗೆ ಬಾಯಿಪಾಠವಾಗಿತ್ತು. ಆದರೂ ಅದರೊಳಗೆ 'ಹೌದು' ಕುಳಿತಿದ್ದದ್ದು ಕಂಡದ್ದು ಆಗಲೇ. ಖಚಿತವನ್ನು ಹೇಳುವ ಪದವೂ ಅನುಮಾನವನ್ನು ಹೇಳುವ ಪದವೂ ಒಂದೇ ಅಚ್ಚಿನಲ್ಲಿ ಎರಕಗೊಂಡವು.

ಈಗ ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತೇನೆ. ಒಂದೇ ವಾಕ್ಯದಲ್ಲಿ 'ಬಹುಶಃ'ವೂ 'ಬಹುದು'ವೂ ಬಂದರೆ ಒಂದನ್ನು ಹೊಡೆದುಹಾಕುವುದು ಅಲ್ಲಿನ ರೂಢಿ. ಸುದ್ದಿಯಲ್ಲಿ ಅದು ಸರಿಯೇ. ಆದರೆ ಮಗ ಊರಿಗೆ ಬರುವನೋ ಇಲ್ಲವೋ ಎಂದು ಕಾಯುವ ತಾಯಿ "ಬಹುಶಃ ನಾಳೆ ಬರಬಹುದು" ಎಂದಾಗ ಎರಡೂ ಬೇಕು. ಅಂಥ ಮಾತಿಗೆ ನನ್ನ ಪೆನ್ನು ತಾಕುವುದಿಲ್ಲ.

ಕಳೆದ ದೀಪಾವಳಿಗೆ ಮೇಷ್ಟ್ರ ಮನೆಗೆ ಹೋಗಿದ್ದೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಕೇಳುತ್ತಿದ್ದಂತೆಯೇ, "ಒಳಗೆ ಬರಬಹುದೇ ಸಾರ್?" ಎಂದೆ.

"ಬರು ಎಂಬುದನ್ನು ಒಂದೇ ಮಾತಿನಲ್ಲಿ ಎರಡು ಸಲ ಹೇಳಿದೆಯಲ್ಲ, ಬೇಡವೆನ್ನಲಾದೀತೇ? ಬಾರಯ್ಯಾ" ಎಂದರು.